ಮರಗಟ್ಟಿಸುವ ಕ್ರೀಮು: ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬಾರದು

ಸೊಳ್ಳೆ ಕಚ್ಚಿ ಊದಿದ ಜಾಗ, ವ್ಯಾಕ್ಸಿಂಗ್ ಆದ ಮೇಲಿನ ಚುರುಚುರು, ರಕ್ತಪರೀಕ್ಷೆಯ ಸೂಜಿಗೆ ಹೆದರುವ ಮಗುವಿನ ಕೈ. ಇವಕ್ಕೆಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಮರಗಟ್ಟಿಸುವ ಕ್ರೀಮು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಮೇಲೆ ಹಚ್ಚುವುದು ತಾನೇ, ಎಷ್ಟು ಹಚ್ಚಿದರೇನು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಈ ಎಣಿಕೆ ತಪ್ಪು. ಟ್ಯೂಬಿನಲ್ಲಿರುವ ಲಿಗ್ನೊಕೇನ್ ಎಂಬ ಇದೇ ವಸ್ತುವನ್ನು ಆಸ್ಪತ್ರೆಗಳಲ್ಲಿ ಹೃದಯದ ಬಡಿತ ತಾಳ ತಪ್ಪಿದಾಗ ರಕ್ತನಾಳಕ್ಕೆ ಚುಚ್ಚಿ ಕೊಡುವುದುಂಟು. ರಕ್ತಕ್ಕೆ ಸೇರಿದರೆ ಅದು ಹೃದಯವನ್ನೂ ಮಿದುಳನ್ನೂ ಮುಟ್ಟುತ್ತದೆ. ಚರ್ಮದ ಮೂಲಕ ಎಷ್ಟು ಸೇರುತ್ತದೆ ಎನ್ನುವುದನ್ನು ನಾಲ್ಕು ಸಂಗತಿಗಳು ತೀರ್ಮಾನಿಸುತ್ತವೆ: ಎಷ್ಟು ಕ್ರೀಮು, ಎಷ್ಟು ಅಗಲ, ಎಷ್ಟು ಹೊತ್ತು, ಎಂಥ ಚರ್ಮ.

ನರದ ಎಳೆಗಳ ಗೋಡೆಯಲ್ಲಿ ಸೋಡಿಯಂ ಒಳನುಗ್ಗುವ ಸಣ್ಣ ಬಾಗಿಲುಗಳಿವೆ. ನೋವಾಗಲಿ ತುರಿಕೆಯಾಗಲಿ ಮಿದುಳಿಗೆ ಸುದ್ದಿ ಮುಟ್ಟಿಸುವುದು ಈ ಬಾಗಿಲುಗಳು ಸಾಲಾಗಿ ತೆರೆದುಕೊಂಡಾಗ. ಲಿಗ್ನೊಕೇನ್, ಪ್ರಿಲೊಕೇನ್, ಬೆಂಜೊಕೇನ್, ಪ್ರಮೋಕ್ಸಿನ್ ಇವೆಲ್ಲ ಆ ಬಾಗಿಲನ್ನು ಕೆಲ ಹೊತ್ತು ಮುಚ್ಚಿಡುತ್ತವೆ. ಉರಿಯೂತ ಇಳಿಯುವುದಿಲ್ಲ, ಸೋಂಕು ಸಾಯುವುದಿಲ್ಲ, ಹುಳ ಹೋಗುವುದಿಲ್ಲ. ಸುದ್ದಿ ಮಾತ್ರ ನಿಲ್ಲುತ್ತದೆ.

ಟ್ಯೂಬಿನ ಮೇಲೆ ಏನು ಓದಬೇಕು

ಅಂಗಡಿಗೆ ಹೋಗಿ "ತುರಿಕೆಗೆ ಒಂದು ಕ್ರೀಮ್ ಕೊಡಿ" ಎಂದಷ್ಟೇ ಕೇಳಬೇಡಿ. ಹಾಗೆ ಕೇಳಿದವರ ಕೈಗೆ ಬಹಳ ಸಲ ಬರುವುದು ಸ್ಟೆರಾಯ್ಡ್, ಫಂಗಸ್ ಮದ್ದು, ಆಂಟಿಬಯಾಟಿಕ್ ಮೂರೂ ಕಲಸಿದ ಟ್ಯೂಬು. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಹುಳುಕಡ್ಡಿ ಆಕಾರ ಬದಲಿಸಿ ತೊಡೆಸಂದಿಯಿಂದ ಹೊಟ್ಟೆಯವರೆಗೂ ಹರಡುತ್ತದೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಇಷ್ಟು ಹಟಮಾರಿಯಾಗಲು ಈ ಕಲಬೆರಕೆ ಟ್ಯೂಬುಗಳ ಪಾಲು ದೊಡ್ಡದು. ಕ್ಲೊಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಸ್ಟೆರಾಯ್ಡ್ ಎಂದು ತಿಳಿಯಿರಿ. ಮೂಲವ್ಯಾಧಿಗೆಂದು ಮಾರುವ ಕೆಲವು ಮುಲಾಮುಗಳಲ್ಲಿ ಲಿಗ್ನೊಕೇನ್ ಜೊತೆಗೆ ಸ್ಟೆರಾಯ್ಡ್ ಕೂಡ ಇರುತ್ತದೆ. ಅದನ್ನು ಉಳಿದ ಕಡೆಯ ತುರಿಕೆಗೆ ಬಳಸುವುದು ಸರಿಯಲ್ಲ. ಟ್ಯೂಬು ಅಥವಾ ಡಬ್ಬಿಯ ಎಡಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಮದ್ದು.

ಇನ್ನು ಶೇಕಡಾ ಸಂಖ್ಯೆ. ಶೇ 2ರ ಲಿಗ್ನೊಕೇನ್ ಜೆಲ್ಲಿ ಮುಖ್ಯವಾಗಿ ಮೂತ್ರದ ನಳಿಕೆ ಹಾಕುವಂಥ ಕೆಲಸಕ್ಕೆ, ಅಂದರೆ ಒಳಪೊರೆಗೆ ಮಾಡಿದ್ದು. ಗಟ್ಟಿ ಚರ್ಮದ ಮೇಲೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡಲಿಲ್ಲ ಎಂದು ಇನ್ನಷ್ಟು ಬಳಿಯುವುದು ಸಾಮಾನ್ಯ ತಪ್ಪು. ಶೇ 5ರ ಮುಲಾಮು ಚರ್ಮಕ್ಕೆ ಹೆಚ್ಚು ಹೊಂದುತ್ತದೆ. ಲಿಗ್ನೊಕೇನ್ ಶೇ 2.5 ಮತ್ತು ಪ್ರಿಲೊಕೇನ್ ಶೇ 2.5 ಕಲಸಿದ ಕ್ರೀಮು ಸೂಜಿ, ಲೇಸರ್‌ಗಳಿಗೆ ಮುಂಚೆ ಹಚ್ಚಲು ಮಾಡಿದ್ದು, ದಿನಾ ತುರಿಕೆಗೆ ಹಚ್ಚುವುದಕ್ಕಲ್ಲ. ಶೇ 10ರ ಸ್ಪ್ರೇ ವೈದ್ಯರು, ದಂತವೈದ್ಯರು ಬಳಸುವ ವಸ್ತು, ಮನೆಗೆ ಬೇಡ. ಬರೀ ತುರಿಕೆಯೇ ತೊಂದರೆಯಾದರೆ ಪ್ರಮೋಕ್ಸಿನ್ ಶೇ 1 ಇರುವ ಲೋಷನ್ ಸಿಕ್ಕರೆ ಅದನ್ನೇ ಕೊಳ್ಳಿ. ತುರಿಕೆಯ ಮಟ್ಟಿಗೆ ಅದು ಲಿಗ್ನೊಕೇನ್‌ಗಿಂತ ಒಳ್ಳೆಯ ಆಯ್ಕೆ.

ಅಮೆರಿಕದಿಂದ ಮಗನೋ ಮಗಳೋ ತಂದುಕೊಟ್ಟ ಟ್ಯೂಬು, ಆನ್‌ಲೈನ್‌ನಲ್ಲಿ ಟ್ಯಾಟೂಗೆಂದು ತರಿಸಿದ ಟ್ಯೂಬು ಇದ್ದರೆ ಇನ್ನೊಮ್ಮೆ ನೋಡಿ. ಅಲ್ಲಿ ಚೀಟಿ ಇಲ್ಲದೆ ಮಾರುವ ಲಿಡೊಕೇನ್‌ಗೆ (ನಮ್ಮ ಲಿಗ್ನೊಕೇನ್‌ನ ಇನ್ನೊಂದು ಹೆಸರು) ಮಿತಿ ಶೇ 4. ಅದಕ್ಕಿಂತ ಹೆಚ್ಚು ತುಂಬಿ ಮಾರುತ್ತಿದ್ದ 6 ಕಂಪನಿಗಳಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಎಚ್ಚರಿಕೆ ಪತ್ರ ಕೊಟ್ಟಿತು. ಬೆಂಜೊಕೇನ್ ಶೇ 20 ಎಂದಿದ್ದರೆ ಮತ್ತೊಂದು ಮಾತು: ಕಪ್ಪು ಹೇರ್ ಡೈ ಹಚ್ಚಿ ತಲೆ, ಕಿವಿ ಕಡಿದು ಊದಿದ ಅನುಭವ ಇದ್ದವರಿಗೆ ಬೆಂಜೊಕೇನ್ ಕೂಡ ಅಲರ್ಜಿಯಾಗುವ ಸಾಧ್ಯತೆ ಇದೆ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೂ ಇದಕ್ಕೂ ರಚನೆಯಲ್ಲಿ ನಂಟಿದೆ. ಅಂಥವರು ಬೆಂಜೊಕೇನ್ ಬಿಟ್ಟು ಲಿಗ್ನೊಕೇನ್ ಅಥವಾ ಪ್ರಮೋಕ್ಸಿನ್ ಆರಿಸಿಕೊಳ್ಳಬೇಕು.

ಅಳತೆ

ಅಡುಗೆಮನೆಯ ತಕ್ಕಡಿಗೆ ಅರ್ಧ ಗ್ರಾಂ ಸರಿಯಾಗಿ ಸಿಕ್ಕುವುದಿಲ್ಲ. ಚರ್ಮವೈದ್ಯರು ಬಳಸುವ ಬೆರಳ ತುದಿಯ ಅಳತೆಯೇ ಸುಲಭ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಟ್ಯೂಬಿನ ಬಾಯಿ 5 ಮಿಲಿಮೀಟರ್ ಅಗಲ ಇದ್ದರೆ ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ ಅಗಲಕ್ಕೆ (ಬೆರಳುಗಳೂ ಸೇರಿ) ಇಷ್ಟು ಸಾಕು. ಬೆಳ್ಳಗೆ ಪದರ ಕಾಣಬೇಕಿಲ್ಲ, ತೆಳುವಾಗಿ ಸವರಿದರೆ ಆಯಿತು.

ಶೇ 5 ಎಂದರೆ ಒಂದು ಗ್ರಾಂ ಮುಲಾಮಿನಲ್ಲಿ 50 ಮಿಲಿಗ್ರಾಂ ಲಿಗ್ನೊಕೇನ್. ಬೆರಳ ತುದಿಯ ಒಂದು ಅಳತೆಯಲ್ಲಿ 25 ಮಿಲಿಗ್ರಾಂ. 30 ಗ್ರಾಂ ಟ್ಯೂಬಿನಲ್ಲಿ 1,500. ದೊಡ್ಡವರಿಗೆ ಶೇ 5ರ ಮುಲಾಮಿನ ಮಿತಿ ಒಂದು ಸಲಕ್ಕೆ 5 ಗ್ರಾಂ, ಇಡೀ ದಿನಕ್ಕೆ 17ರಿಂದ 20 ಗ್ರಾಂ. ಇದು ಮುಟ್ಟಬಾರದ ಗೋಡೆಯೇ ಹೊರತು ಮುಟ್ಟಬೇಕಾದ ಗುರಿ ಅಲ್ಲ. ಮನೆಯಲ್ಲಿ ತಾವೇ ಹಚ್ಚಿಕೊಳ್ಳುವವರು ಒಂದು ಸಲಕ್ಕೆ ಎರಡು ಅಂಗೈ ಅಗಲ, ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ ಎಂದು ಇಟ್ಟುಕೊಂಡರೆ ದಿನಕ್ಕೆ 2 ಗ್ರಾಂ ದಾಟುವುದಿಲ್ಲ. ಅಷ್ಟರಲ್ಲೇ ನಿಲ್ಲಿ. ಎರಡು ಅಂಗೈಗಿಂತ ಅಗಲವಾಗಿ ತುರಿಸುತ್ತಿದೆ ಎಂದರೆ ಅದು ಮರಗಟ್ಟಿಸಿ ಸುಮ್ಮನಾಗುವ ತುರಿಕೆಯಲ್ಲ, ಕಾರಣ ಹುಡುಕಬೇಕಾದ ತುರಿಕೆ.

ಟ್ಯೂಬು ತೆರೆದ ದಿನದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ದಿನಕ್ಕೆ 2 ಗ್ರಾಂ ಲೆಕ್ಕದಲ್ಲಿ 30 ಗ್ರಾಂ ಟ್ಯೂಬು 15 ದಿನ ಬರಬೇಕು. ನಾಲ್ಕೇ ದಿನಕ್ಕೆ ಮುಗಿದಿದ್ದರೆ ಯಾರೋ ಅಳತೆ ಮೀರಿ ಹಚ್ಚುತ್ತಿದ್ದಾರೆ. ಮನೆಯಲ್ಲಿ ಒಂದೇ ಟ್ಯೂಬನ್ನು ಮೂವರು ಬಳಸುತ್ತಿದ್ದರೆ ಇದು ಇನ್ನೂ ಮುಖ್ಯ.

ಮಕ್ಕಳ ಲೆಕ್ಕವೇ ಬೇರೆ. ಮಕ್ಕಳಿಗೆ ಲಿಗ್ನೊಕೇನ್ ಮಿತಿ ಕೆಜಿ ತೂಕಕ್ಕೆ 4.5 ಮಿಲಿಗ್ರಾಂ. 10 ಕೆಜಿ ಮಗುವಿಗೆ 45 ಮಿಲಿಗ್ರಾಂ, ಅಂದರೆ ಶೇ 5ರ ಮುಲಾಮು ಒಂದು ಗ್ರಾಂ ಕೂಡ ಹೆಚ್ಚಾಯಿತು. ಎರಡು ವರ್ಷದೊಳಗಿನ ಮಗುವಿಗೆ ವೈದ್ಯರನ್ನು ಕೇಳದೆ ಹಚ್ಚಲೇಬೇಡಿ. ಹಲ್ಲು ಬರುವ ಮಗುವಿನ ಒಸಡಿಗಂತೂ ಯಾವ ಮರಗಟ್ಟಿಸುವ ಜೆಲ್ ಕೂಡ ಬೇಡ. ಜೊಲ್ಲಿನ ಜೊತೆ ನಿಮಿಷದಲ್ಲಿ ತೊಳೆದುಹೋಗುತ್ತದೆ, ಮತ್ತೆ ಹಚ್ಚುತ್ತಾರೆ, ಮಗು ಅಷ್ಟನ್ನೂ ನುಂಗುತ್ತದೆ. ಒಸಡಿಗೆ ಲಿಡೊಕೇನ್ ಬೇಡವೆಂದು 2014ರಲ್ಲೂ, ಎರಡು ವರ್ಷದೊಳಗಿನವರಿಗೆ ಬೆಂಜೊಕೇನ್ ಬೇಡವೆಂದು 2018ರಲ್ಲೂ ಎಫ್‌ಡಿಎ ಎಚ್ಚರಿಸಿತ್ತು. ತಣ್ಣಗಿನ ಒದ್ದೆ ಬಟ್ಟೆ ಕಚ್ಚಲು ಕೊಡಿ, ಶುದ್ಧ ಬೆರಳಿನಿಂದ ಒಸಡು ತಿಕ್ಕಿ.

ಹಚ್ಚುವ ಬಗೆ

ಮೊದಲ ಸಲ ಬಳಸುತ್ತಿದ್ದರೆ ಮುಂಗೈ ಒಳಬದಿಯಲ್ಲಿ ಕಡಲೆಕಾಳಿನಷ್ಟು ಹಚ್ಚಿ ಒಂದು ದಿನ ಬಿಡಿ. ಕೆಂಪಗೆ ದದ್ದೆದ್ದು ತುರಿಸಿದರೆ ಆ ಟ್ಯೂಬು ನಿಮಗೆ ಹೊಂದುವುದಿಲ್ಲ.

ತುರಿಸುವ ಜಾಗವನ್ನು ಉಗುರುಬೆಚ್ಚಗಿನ ನೀರಲ್ಲಿ, ಪರಿಮಳ ಕಡಿಮೆ ಇರುವ ಸೋಪಿನಿಂದ ತೊಳೆಯಿರಿ. ಬಿಸಿನೀರು ಬೇಡ, ಚರ್ಮ ಬಿಸಿಯಾದಷ್ಟೂ ಮದ್ದು ಬೇಗ ಒಳಗೆ ಇಳಿಯುತ್ತದೆ. ತಿಕ್ಕದೆ ಒತ್ತಿ ಒರೆಸಿ, ಪೂರ್ತಿ ಒಣಗಲು ಬಿಡಿ. ಜಾಗ ಊದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಒತ್ತಿ ಹಿಡಿದು ನೋಡಿ. ಬಹಳ ಸಲ ಸೊಳ್ಳೆ, ಇರುವೆ ಕಡಿತಕ್ಕೆ ಇಷ್ಟೇ ಸಾಕಾಗಿ ಟ್ಯೂಬಿನ ಅಗತ್ಯವೇ ಬೀಳುವುದಿಲ್ಲ. ಕ್ಯಾಲಮೈನ್ ಲೋಷನ್‌ಗೂ ಇದೇ ಮಾತು.

ಆಮೇಲೆ ಅಳತೆಯಷ್ಟು ಹಿಂಡಿ, ತುರಿಸುವ ಜಾಗದ ಮೇಲೆ ಮಾತ್ರ ಸವರಿ. ಸುತ್ತ ನಾಲ್ಕು ಬೆರಳು ಅಗಲ "ಇರಲಿ" ಎಂದು ಬಳಿಯುವುದು ಬೇಡ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಅದೇ ಬೆರಳು ಕಣ್ಣಿಗೆ ಹೋಗುತ್ತದೆ. ಕಣ್ಣು ಮರಗಟ್ಟಿದರೆ ಕಸ ಬಿದ್ದದ್ದೂ ಗೊತ್ತಾಗದೆ ಕಪ್ಪುಗುಡ್ಡೆಗೆ ಗೀರು ಬೀಳುತ್ತದೆ. ಮೊಲೆ ಹಾಲು ಕುಡಿಸುವವರು ತೊಟ್ಟಿನ ಹತ್ತಿರ ಹಚ್ಚಬಾರದು. ಹಚ್ಚಿದ ಜಾಗ ಮಗುವಿನ ಬಾಯಿಗೆ, ಸಾಕಿದ ಬೆಕ್ಕು ನಾಯಿಗಳ ನಾಲಿಗೆಗೆ ಸಿಗದಂತಿರಲಿ.

ಮೇಲೆ ಪ್ಲಾಸ್ಟಿಕ್ ಸುತ್ತಬೇಡಿ, ಬಿಗಿಯಾಗಿ ಬ್ಯಾಂಡೇಜ್ ಕಟ್ಟಬೇಡಿ, ಬಿಸಿನೀರಿನ ಚೀಲವನ್ನೋ ಹೀಟಿಂಗ್ ಪ್ಯಾಡನ್ನೋ ಇಡಬೇಡಿ. ಇಡಿಯಾಗಿರುವ ಚರ್ಮ ಈ ಮದ್ದಿನ ಸಣ್ಣ ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಮುಚ್ಚಿದರೆ, ಕಾಯಿಸಿದರೆ, ಚರ್ಮ ಸುಲಿದಿದ್ದರೆ ಆ ಪಾಲು ಬೆಳೆಯುತ್ತದೆ. ಬಿಸಿ ಇಟ್ಟರೆ ಇನ್ನೊಂದು ತೊಂದರೆಯೂ ಇದೆ: ಮರಗಟ್ಟಿದ ಜಾಗ ಸುಟ್ಟರೂ ಗೊತ್ತಾಗುವುದಿಲ್ಲ. ನೋವಿನ ಬಾಮುಗಳನ್ನು ಅದರ ಮೇಲೆಯೇ ಹಚ್ಚುವುದೂ ಬೇಡ. ಮೆಂಥಾಲ್, ಕರ್ಪೂರಗಳಿಂದ ಚರ್ಮ ಕೆರಳಿದರೆ ಯಾವುದು ಹೊಂದಲಿಲ್ಲ ಎಂದು ಹೇಳುವುದೇ ಕಷ್ಟವಾಗುತ್ತದೆ.

ಏಳು ದಿನ ಆದರೂ ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಮತ್ತೆ ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸೂಜಿ, ಲೇಸರ್, ಟ್ಯಾಟೂಗೆ ಮುಂಚೆ

ಲಿಗ್ನೊಕೇನ್–ಪ್ರಿಲೊಕೇನ್ ಕ್ರೀಮನ್ನು ಮಾತ್ರ ದಪ್ಪಗೆ ಹಚ್ಚಿ ಮೇಲೆ ಮುಚ್ಚುವ ರೂಢಿ ಇದೆ. ಮೇಲೆ ಹೇಳಿದ್ದಕ್ಕೆ ಇದು ತದ್ವಿರುದ್ಧ ಅನ್ನಿಸಬಹುದು. ಅದಕ್ಕೇ ಜಾಗ ಚಿಕ್ಕದಿರಬೇಕು, ಗಡಿಯಾರ ಎದುರಿಗಿರಬೇಕು. ರಕ್ತ ತೆಗೆಯುವ ಜಾಗಕ್ಕೆ, ಅಂದರೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಚೌಕಕ್ಕೆ 1ರಿಂದ 2 ಗ್ರಾಂ ಹಚ್ಚಿ, ತಿಕ್ಕದೆ ಪಾರದರ್ಶಕ ಪಟ್ಟಿ ಅಂಟಿಸಿ ಒಂದು ಗಂಟೆ ಬಿಡಬೇಕು. ಒಂದು ಗಂಟೆಗೆ ಸುಮಾರು 3 ಮಿಲಿಮೀಟರ್ ಆಳಕ್ಕೆ, ಎರಡು ಗಂಟೆಗೆ 5 ಮಿಲಿಮೀಟರ್ ಆಳಕ್ಕೆ ಮರಗಟ್ಟುತ್ತದೆ. "ಹಚ್ಚಿದರೂ ನೋವಾಯಿತು" ಎನ್ನುವವರು ಬಹುತೇಕ ಕಾಲು ಗಂಟೆಗೇ ಒರೆಸಿರುತ್ತಾರೆ. ತೆಗೆದಾಗ ಚರ್ಮ ಬಿಳಿಚಿರುವುದು, ಆಮೇಲೆ ಕೆಂಪಾಗುವುದು ಮಾಮೂಲು, ಗಾಬರಿ ಬೇಡ. ಇಸುಬು ಇರುವ ಚರ್ಮದಲ್ಲಿ ಮಾತ್ರ ಇದು ಬಹಳ ಬೇಗ ಇಳಿಯುತ್ತದೆ, ಅಲ್ಲಿ ಒಂದು ಗಂಟೆ ಹೆಚ್ಚಾಯಿತು. ಸಮಯವನ್ನು ವೈದ್ಯರೇ ಹೇಳಬೇಕು.

ಮಕ್ಕಳಿಗೆ ಒಟ್ಟು ಮಿತಿ: 3ರಿಂದ 12 ತಿಂಗಳು, 5 ಕೆಜಿ ದಾಟಿದ ಮಗುವಿಗೆ 2 ಗ್ರಾಂ, 1ರಿಂದ 6 ವರ್ಷ, 10 ಕೆಜಿ ದಾಟಿದವರಿಗೆ 10 ಗ್ರಾಂ, 7ರಿಂದ 12 ವರ್ಷ, 20 ಕೆಜಿ ದಾಟಿದವರಿಗೆ 20 ಗ್ರಾಂ. ನಾಲ್ಕು ಗಂಟೆ ದಾಟುವಂತಿಲ್ಲ. ವಯಸ್ಸು ಇದ್ದು ತೂಕ ಇಲ್ಲದಿದ್ದರೆ ಕೆಳಗಿನ ಮೆಟ್ಟಿಲಿನ ಲೆಕ್ಕವೇ ಅನ್ವಯ. ಈ ಅಂಕಿಗಳು ವೈದ್ಯರು ಹಚ್ಚಲು ಹೇಳಿದಾಗ ನೀವು ತಾಳೆ ನೋಡಿಕೊಳ್ಳಲಿಕ್ಕೆ.

ಲೇಸರ್‌ನಲ್ಲಿ ಕೂದಲು ತೆಗೆಸಲು ಎರಡೂ ಕಾಲಿಗೆ ಮನೆಯಲ್ಲೇ ಬಳಿದುಕೊಂಡು ಬನ್ನಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಇದೇ ಕೆಲಸಕ್ಕೆ ಕಾಲಿಗೆ ಮರಗಟ್ಟಿಸುವ ಕ್ರೀಮು ಹಚ್ಚಿ, ಹೇಳಿಕೊಟ್ಟಂತೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಇಬ್ಬರಿಗೂ ಫಿಟ್ಸ್ ಬಂದು, ಪ್ರಜ್ಞೆ ತಪ್ಪಿ, ತೀರಿಕೊಂಡರು. ಎಫ್‌ಡಿಎ 2007ರಲ್ಲಿ ಇದನ್ನು ಮುಂದಿಟ್ಟೇ ಜನರನ್ನು ಎಚ್ಚರಿಸಿತು. ಅವರ ಕ್ರೀಮಿನಲ್ಲಿ ಮದ್ದಿನ ಪ್ರಮಾಣ ಅಂಗಡಿಯ ಮಾಮೂಲು ಟ್ಯೂಬಿಗಿಂತ ಬಹಳ ಹೆಚ್ಚಿತ್ತು. ಜಾಗವೋ ಇಡೀ ಕಾಲು, ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಕ್ಲಿನಿಕ್ಕಿನಲ್ಲಿ ಹಚ್ಚುವುದಾದರೆ ಏನು ಮದ್ದು, ಶೇಕಡಾ ಎಷ್ಟು, ಒಟ್ಟು ಎಷ್ಟು ಗ್ರಾಂ ಎಂದು ಕೇಳಿ. ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಹಚ್ಚಬಾರದ ತುರಿಕೆ, ಹಚ್ಚಬಾರದ ನೋವು

ಕಂಬಳಿಹುಳ ಮೈಮೇಲೆ ಹರಿದಿದ್ದರೆ, ನಸುಗುನ್ನಿ ಕಾಯಿ ತಾಗಿದ್ದರೆ ಮೊದಲು ಕೂದಲು ತೆಗೆಯಬೇಕು. ಉಜ್ಜಬೇಡಿ. ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಎಳೆಯಿರಿ, ಪ್ರತಿಸಲ ಹೊಸ ಪಟ್ಟಿ, ನಾಲ್ಕೈದು ಸಲ. ಬಳಿಕ ಹರಿಯುವ ನೀರು. ಕೂದಲು ಇರುವಾಗಲೇ ಮುಲಾಮು ಸವರಿದರೆ ಅವು ಚರ್ಮದೊಳಗೆ ಇನ್ನಷ್ಟು ತೂರುತ್ತವೆ. ಜೇನು ಕಚ್ಚಿದ್ದರೆ ಮುಳ್ಳನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಿರಿ.

ಕರಾವಳಿ, ಮಲೆನಾಡಿನವರಿಗೆ ಗೇರುಬೀಜದ ಸೊನೆ ಹೊಸತಲ್ಲ. ಅದು ತಾಗಿ ಚರ್ಮ ಬೆಂದು ಬೊಬ್ಬೆ ಎದ್ದಿದ್ದರೆ ಮರಗಟ್ಟಿಸುವ ಕ್ರೀಮು ಅಲ್ಲಿಗೆ ಬೇಡ. ಒಡೆದ ಬೊಬ್ಬೆ ಎಂದರೆ ತೆರೆದ ಬಾಗಿಲು. ಒಸರುವ ಗಾಯ, ಕೀವು, ಆಳದ ಸುಟ್ಟಗಾಯ, ಒಡೆದ ಸೀತಾಳೆ ಸಿಡುಬಿನ ಗುಳ್ಳೆ ಇವಕ್ಕೂ ಹೀಗೆಯೇ. ಸರ್ಪಸುತ್ತು ಇರಬಹುದೇ ಎಂಬ ಅನುಮಾನವಿದ್ದರೆ, ಅಂದರೆ ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ, ಗುಳ್ಳೆ ಇದ್ದರೆ, ಮುಲಾಮಿನಲ್ಲಿ ದಿನ ಕಳೆಯಬೇಡಿ. ಅದರ ವೈರಸ್ ಮದ್ದು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ರಾತ್ರಿ ಹೊತ್ತು ಹೆಚ್ಚುವ ತುರಿಕೆ, ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಇದೇ ಕತೆ: ಇದು ಬಹುಶಃ ಕಜ್ಜಿ. ಶೇ 5ರ ಪರ್ಮೆಥ್ರಿನ್ ಕ್ರೀಮನ್ನು ಮನೆಯವರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಿ, ವಾರದ ಬಳಿಕ ಮತ್ತೊಮ್ಮೆ ಹಚ್ಚಬೇಕು. ಮಕ್ಕಳು, ಬಸುರಿಯರಿದ್ದರೆ ವೈದ್ಯರನ್ನು ಕೇಳಿ. ದದ್ದೇ ಇಲ್ಲದೆ ಮೈಯೆಲ್ಲ ತುರಿಸಿದರೆ ಪಿತ್ತಜನಕಾಂಗ (ಲಿವರ್), ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ವಿಪರೀತ ತುರಿಸಿದರೆ ಅಂದೇ ವೈದ್ಯರ ಬಳಿ ಹೋಗಬೇಕು. ಅದು ಪಿತ್ತರಸ ಕಟ್ಟಿಕೊಂಡ ಲಕ್ಷಣ ಇರಬಹುದು, ಮಗುವಿಗೆ ಅಪಾಯವಿದೆ.

ಸಕ್ಕರೆ ಕಾಯಿಲೆಯವರು ಪಾದಕ್ಕೆ ಇದನ್ನು ಹಚ್ಚಲೇಬಾರದು. ಪಾದದ ಸ್ಪರ್ಶ ಆಗಲೇ ಮಂಕಾಗಿರುತ್ತದೆ, ಉಳಿದಷ್ಟನ್ನೂ ಮುಚ್ಚಿದರೆ ಚಪ್ಪಲಿಯೊಳಗಿನ ಕಲ್ಲು ಹುಣ್ಣಾಗುವವರೆಗೆ ತಿಳಿಯುವುದಿಲ್ಲ. ಚೇಳು ಕಡಿತಕ್ಕೂ ಮುಲಾಮು ಹಚ್ಚಿ ಕೂರಬೇಡಿ. ಬೆವರು ಕಿತ್ತುಬರುವುದು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ, ಮಕ್ಕಳಾದರೆ ಇದಾವುದೂ ಕಾಣುವ ಮೊದಲೇ, ಆಸ್ಪತ್ರೆಗೆ ಹೊರಡಿ.

ಬಾಯಿಹುಣ್ಣಿಗೆ ಬಾಯಿಗೆಂದೇ ಮಾಡಿದ ಜೆಲ್ ಬಳಸಿ, ಚರ್ಮದ ಮುಲಾಮು ಬೇಡ. ಹಚ್ಚಿದ ಮೇಲೆ ಒಂದು ಗಂಟೆ ಊಟ, ಬಿಸಿ ಕಾಫಿ ಬೇಡ. ಗಂಟಲು ಮರಗಟ್ಟಿದ್ದಾಗ ನುಂಗಿದರೆ ಅನ್ನ ಶ್ವಾಸನಾಳಕ್ಕೆ ಹೋಗಬಹುದು, ನಾಲಿಗೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಮೊದಲು ವೈದ್ಯರನ್ನು ಕೇಳಬೇಕಾದವರು: ಪಿತ್ತಜನಕಾಂಗದ ಕಾಯಿಲೆ ಇರುವವರು (ಲಿಗ್ನೊಕೇನ್ ಕರಗುವುದೇ ಅಲ್ಲಿ), ಹೃದಯದ ತಾಳಕ್ಕೆ ಅಮಿಯೊಡರೋನ್‌ನಂಥ ಮಾತ್ರೆ ನುಂಗುವವರು, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಹುಟ್ಟಿನಿಂದಲೇ ಕೊರತೆ ಇರುವವರು. ಪ್ರಿಲೊಕೇನ್ ಮತ್ತು ಬೆಂಜೊಕೇನ್ ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾಗದ ರೂಪಕ್ಕೆ ತಿರುಗಿಸಬಲ್ಲವು. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ವೈವ್ಯಾಕ್ಸ್ ಮಲೇರಿಯಾಕ್ಕೆ 14 ದಿನ ಕೊಡುವ ಪ್ರಿಮಾಕ್ವಿನ್ ಕೂಡ ಇದನ್ನೇ ಮಾಡುತ್ತವೆ. ಮಂಗಳೂರಿನ ಕಡೆ ಮಲೇರಿಯಾ ಮಾತ್ರೆ ನಡೆಯುತ್ತಿರುವಾಗ ಪ್ರಿಲೊಕೇನ್ ಕ್ರೀಮು ಹಚ್ಚಿ ಲೇಸರ್‌ಗೆ ಹೋಗುವುದು ಬೇಡ. ಮಾತ್ರೆ ಮುಗಿಯಲಿ.

ಹೆಚ್ಚಾದರೆ ಕಾಣುವ ಗುರುತು

ಲಿಗ್ನೊಕೇನ್ ರಕ್ತಕ್ಕೆ ಹೆಚ್ಚು ಸೇರಿದ್ದು ಮೊದಲು ಬಾಯಲ್ಲಿ ಗೊತ್ತಾಗುತ್ತದೆ: ತುಟಿ, ನಾಲಿಗೆ ಜೋಮು, ಕಬ್ಬಿಣ ನೆಕ್ಕಿದಂಥ ರುಚಿ. ಕಿವಿಯಲ್ಲಿ ಗುಂಯ್ ಸದ್ದು, ತಲೆ ತಿರುಗು, ಕಣ್ಣು ಮಂಜು, ಮಾತು ತೊದಲುವುದು, ಆಮೇಲೆ ಸ್ನಾಯು ಅದುರಿ ಫಿಟ್ಸ್. ಕೈಗೆ ಹಚ್ಚಿದವರ ತುಟಿ ಮರಗಟ್ಟಿದರೆ ಅದು ಕ್ರೀಮು "ಚೆನ್ನಾಗಿ ಹಿಡಿದ" ಗುರುತಲ್ಲ. ಕೂಡಲೇ ಸೋಪು ನೀರಿನಿಂದ ಪೂರ್ತಿ ತೊಳೆದು 108ಕ್ಕೆ ಕರೆ ಮಾಡಿ. ಮಗು ಟ್ಯೂಬು ಕಚ್ಚಿ ನುಂಗಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ, ವಾಂತಿ ಮಾಡಿಸಬೇಡಿ, ಹಾಲು ಮಜ್ಜಿಗೆ ಕುಡಿಸಬೇಡಿ, ಹೊರಡಿ.

ಹಿಮೊಗ್ಲೋಬಿನ್ ಕೆಟ್ಟಾಗ ಗುರುತು ಬೇರೆ: ತುಟಿ, ಉಗುರು ಬೂದಿ ಮಿಶ್ರಿತ ನೀಲಿಗೆ ತಿರುಗುತ್ತವೆ, ತಲೆನೋವು, ಏದುಸಿರು, ಸುಸ್ತು. ಕಪ್ಪು ಮೈಬಣ್ಣದವರಲ್ಲಿ ತುಟಿಯ ಒಳಬದಿ, ಉಗುರಿನ ಬುಡ ನೋಡಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಸುಮಾರು 85ರ ಹತ್ತಿರ ನಿಂತುಬಿಡಬಹುದು, ಆಕ್ಸಿಜನ್ ಕೊಟ್ಟರೂ ಏರುವುದಿಲ್ಲ. ಇದಕ್ಕೆ ಆಸ್ಪತ್ರೆಯಲ್ಲಿ ಮೆಥಿಲಿನ್ ಬ್ಲೂ ಎಂಬ ಮದ್ದು ಇದೆ. ಆದರೆ ಜಿ6ಪಿಡಿ ಕೊರತೆ ಇರುವವರಿಗೆ ಅದೇ ಅಪಾಯ. ಹಾಗಾಗಿ ಆ ಕೊರತೆ ಇದ್ದರೆ ಒಳಗೆ ಹೋಗುತ್ತಲೇ ಹೇಳಿ. ಖಾಲಿಯಾಗಿದ್ದರೂ ಸರಿ ಟ್ಯೂಬನ್ನು ಜೊತೆಗೆ ಒಯ್ದು, ಯಾವ ಹೊತ್ತಿಗೆ, ಎಷ್ಟು ಅಗಲಕ್ಕೆ ಹಚ್ಚಿದಿರಿ ಎನ್ನುವುದನ್ನೂ ತಿಳಿಸಿ.